ರೈಲು ಕೂಗುತ್ತದೆ, ನಿಲ್ಲುವುದಿಲ್ಲ

ಬೆಂಗಳೂರಿನ ಹುಸ್ಕೂರು ಕಡೆಯ ಓದುಗರೊಬ್ಬರ ಪತ್ರದ ಸಾರ ಹೀಗಿದೆ: "ನಮ್ಮ ಬಡಾವಣೆಯ ಬೆನ್ನಿಗೇ ಹೊಸೂರು ಮಾರ್ಗದ ಹಳಿ ಇದೆ. ರೈಲು ಕೂಗುವುದು ಮಲಗುವ ಕೋಣೆಗೆ ಕೇಳುತ್ತದೆ. ಹತ್ತಬೇಕೆಂದರೆ ಮಾತ್ರ ಬೈಕಿನಲ್ಲಿ ಕಾರ್ಮೆಲರಾಂಗೋ ಹೀಲಲಿಗೆಗೋ ಓಡಬೇಕು. ಉಪನಗರ ರೈಲು ಯಾವಾಗಲೋ ಬರಲಿ. ಅಲ್ಲಿಯವರೆಗೆ ಇರುವ ಹಳಿಯ ಪಕ್ಕ ಒಂದು ಪ್ಲಾಟ್‌ಫಾರಂ ಕಟ್ಟಿ, ನಾಲ್ಕು ಬೋಗಿ ಸೇರಿಸಿದರೆ ಆಗದೆ? ನೀವು ಪತ್ರಿಕೆಯವರಿಗೆ ಮೆಟ್ರೊ ಬಿಟ್ಟರೆ ಬೇರೆ ರೈಲು ಕಣ್ಣಿಗೆ ಬೀಳುವುದಿಲ್ಲ."

ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ತಪ್ಪು ನಮ್ಮದೇ. ಮೆಟ್ರೊ ಒಂದು ನಿಲ್ದಾಣದಷ್ಟು ಮುಂದೆ ಹೋದರೂ ಬಣ್ಣದ ಚಿತ್ರ ಹಾಕುತ್ತೇವೆ. 1864ರಲ್ಲೇ ದಂಡಿಗೆ (ಕಂಟೋನ್ಮೆಂಟಿಗೆ) ಬಂದು ನಿಂತ ರೈಲಿನ ಬಗ್ಗೆ ಬರೆಯಲು ನಮಗೆ ಅಪಘಾತವೇ ಆಗಬೇಕು. ಮೈಸೂರು, ತುಮಕೂರು, ಹಾಸನ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಬಂಗಾರಪೇಟೆ, ಹೊಸೂರು ಎಂದು ಏಳು ಕಡೆಗೆ ಹಳಿ ಚಾಚಿರುವ ಊರು ಇದು. ಆ ಹಳಿಗಳನ್ನು ಊರೊಳಗಿನ ಓಡಾಟಕ್ಕೂ ಬಳಸಬೇಕೆಂಬ ಮಾತು 1983ರಿಂದ ಕಡತದಲ್ಲಿದೆ. 2016ರ ಹೊತ್ತಿಗೆ ಜನ 'ಚುಕುಬುಕು ಬೇಕು' ಎಂದು ದನಿ ಎತ್ತಿದರು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ 15,767 ಕೋಟಿ ರೂಪಾಯಿ ವೆಚ್ಚದ, 148 ಕಿಲೋಮೀಟರ್ ಉದ್ದದ ಉಪನಗರ ರೈಲು ಯೋಜನೆಗೆ ಒಪ್ಪಿಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿದ ಪ್ರಧಾನಿ ಹೇಳಿದ ಗಡುವು 40 ತಿಂಗಳು. 2025ರ ಅಕ್ಟೋಬರಿಗೆ ಅದು ತೀರಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ನಾಲ್ಕು ಮಾರ್ಗಕ್ಕೂ ಹೂವಿನ ಹೆಸರಿಟ್ಟದ್ದಾಯಿತು. ಗಡುವಿನೊಳಗೆ ಒಂದೂ ಅರಳಲಿಲ್ಲ.

ಹಾಗಾಗಿ ನಿಮ್ಮ ಅವಸರ ನನಗೆ ಅರ್ಥವಾಗುತ್ತದೆ. ಆದರೆ ನೀವು ಕೇಳುತ್ತಿರುವ ಪ್ಲಾಟ್‌ಫಾರಂ, ಕೇಳಿದ ಹಾಗೆಯೇ ಸಿಕ್ಕರೆ, ನಿಮಗೇ ಮುಳುವಾಗಬಹುದು.

ಸ್ವಯಂಚಾಲಿತ ಸಿಗ್ನಲ್ ಇಲ್ಲದ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ಮುಂದಿನದು ಆಚೆಯ ನಿಲ್ದಾಣ ಮುಟ್ಟುವವರೆಗೆ ಹಿಂದಿನದಕ್ಕೆ ಹಸಿರು ಬೀಳುವುದಿಲ್ಲ. ನೀವು ಕೇಳುವ ಹಾಲ್ಟ್ ಕಾರ್ಮೆಲರಾಂ ಮತ್ತು ಹೀಲಲಿಗೆಯ ನಡುವೆ ಬರುತ್ತದೆ. ಹಾಲ್ಟ್ ಎಂದರೆ ಪ್ಲಾಟ್‌ಫಾರಂ, ಒಂದು ಫಲಕ, ಟಿಕೆಟ್ ಕೊಡುವ ಒಂದು ಗೂಡು, ಅಷ್ಟೆ. ಅಲ್ಲಿ ಸಿಗ್ನಲ್ ಇಲ್ಲ, ಇನ್ನೊಂದು ರೈಲನ್ನು ಸರಿಸಿ ನಿಲ್ಲಿಸುವ ಲೂಪ್ ಹಳಿಯೂ ಇಲ್ಲ. ರೈಲು ವೇಗ ಇಳಿಸಿ, ನಿಂತು, ಮತ್ತೆ ವೇಗ ಹಿಡಿಯಲು ಎರಡು ಮೂರು ನಿಮಿಷ ಹೋಗುತ್ತದೆ. ಅಷ್ಟು ಹೊತ್ತು ಹಿಂದಿನ ರೈಲೂ ಕಾಯಬೇಕು. ಕಾಯುವುದು ಎಕ್ಸ್‌ಪ್ರೆಸ್ ಆದರೆ ಅದನ್ನು ಮುಂದೆ ಬಿಟ್ಟು, ನಿಮ್ಮ ಮೆಮುವನ್ನು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲನ್ನು) ಬದಿಗೆ ತಳ್ಳುತ್ತಾರೆ. 'ಕ್ರಾಸಿಂಗ್ ಇದೆ' (ಇನ್ನೊಂದು ರೈಲಿಗೆ ದಾರಿ ಬಿಡಬೇಕು) ಎಂದು ಗೊಣಗಿಕೊಂಡು ಬೋಗಿಯಿಂದಿಳಿದು ಟೀ ಕುಡಿದು ಬರುವ ಅಭ್ಯಾಸ ಆ ಮಾರ್ಗದ ಎಲ್ಲರಿಗೂ ಇದೆ, ನಿಮಗೂ ಇರಬೇಕು.

ಆದ್ದರಿಂದ ಮೊದಲು ಕೇಳಬೇಕಾದದ್ದು ಸಿಗ್ನಲ್. ಬೈಯಪ್ಪನಹಳ್ಳಿ–ಹೊಸೂರು ನಡುವಿನ 48 ಕಿಲೋಮೀಟರ್ ಜೋಡಿ ಹಳಿಯ ಕೆಲಸ ಉಪನಗರ ರೈಲು ಕಟ್ಟುವ ಕೆ-ರೈಡ್ ಸಂಸ್ಥೆಗೇ ವಹಿಸಿದ್ದು. ಎರಡು ಹಳಿಯ ಜೊತೆಗೆ ಸುಮಾರು ಒಂದೊಂದು ಕಿಲೋಮೀಟರಿಗೆ ಒಂದು ಸ್ವಯಂಚಾಲಿತ ಸಿಗ್ನಲ್ ನಿಂತರೆ, ಅದೇ ಮಾರ್ಗದಲ್ಲಿ ಒಂದರ ಹಿಂದೊಂದು ರೈಲು ಬಿಡಬಹುದು. ಆಗ ನಿಮ್ಮ ಹಾಲ್ಟ್ ಯಾರಿಗೂ ಹೊರೆಯಲ್ಲ.

ಬೋಗಿಯ ವಿಷಯದಲ್ಲಿ ನೀವು ಹೇಳಿದ್ದು ಸರಿ. ಎಂಟು ಬೋಗಿಯ ಮೆಮುವನ್ನು ಹದಿನಾರಕ್ಕೇರಿಸಿದರೆ, ವೇಳಾಪಟ್ಟಿಯಲ್ಲಿ ಒಂದು ಗೆರೆಯನ್ನೂ ಸೇರಿಸದೆ ಎರಡರಷ್ಟು ಜನರನ್ನು ಒಯ್ಯಬಹುದು. ಆದರೆ ಬೋಗಿಯೊಂದು 21 ಮೀಟರ್‌ಗೂ ಹೆಚ್ಚು ಉದ್ದ. ಹದಿನಾರಕ್ಕೆ ಸುಮಾರು 350 ಮೀಟರ್ ಪ್ಲಾಟ್‌ಫಾರಂ ಬೇಕು. ಹಾಲ್ಟ್ ಕಟ್ಟುವಾಗ ಎಂಟು ಬೋಗಿಗೆ ಅಳೆದು ಕಟ್ಟಿಬಿಟ್ಟರೆ, ಹತ್ತು ವರ್ಷದ ಮೇಲೆ ಅದನ್ನು ಉದ್ದ ಮಾಡಲು ಜಾಗ ಉಳಿದಿರುವುದಿಲ್ಲ. ನಿಮ್ಮ ಬಡಾವಣೆಯೇ ಬೆಳೆದು ಹಳಿಗೆ ಬಂದು ತಾಗಿರುತ್ತದೆ.

ಪತ್ರ ಓದಿದ ಮೇಲೆ ನಗರದ ಪೂರ್ವಕ್ಕಿರುವ ಒಂದು ಹಾಲ್ಟಿಗೆ ಬೆಳಿಗ್ಗೆ ಎಂಟೂಕಾಲಕ್ಕೆ ಹೋಗಿ ನಿಂತೆ. ಪ್ಲಾಟ್‌ಫಾರಂ ತಗ್ಗು, ಬೋಗಿಯ ಮೆಟ್ಟಿಲು ಎದೆಯೆತ್ತರ. ಊಟದ ಬುತ್ತಿ ಹಿಡಿದ ಹೆಂಗಸೊಬ್ಬರು ಮೊದಲು ಚೀಲವನ್ನು ಮೇಲಿದ್ದವರ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಹತ್ತಿದರು. ಅವರ ಹಿಂದೆ ಹನ್ನೊಂದು ಜನ. ಒಂದು ನಿಮಿಷದ ನಿಲುಗಡೆ ಮೂರು ನಿಮಿಷವಾಯಿತು. ಪ್ಲಾಟ್‌ಫಾರಂ ಬೋಗಿಯ ಮಟ್ಟಕ್ಕಿದ್ದಿದ್ದರೆ ಆ ಎರಡು ನಿಮಿಷ ಉಳಿಯುತ್ತಿತ್ತು. ರೈಲು ಹೋದ ಮೇಲೆ ಇಳಿದವರೆಲ್ಲ ಸಾಲಾಗಿ ಹಳಿ ದಾಟಿ, ಚರಂಡಿಯ ಮೇಲಿಟ್ಟ ಎರಡು ಕಲ್ಲುಚಪ್ಪಡಿ ತುಳಿದು ರಸ್ತೆ ಸೇರಿದರು. ಆ ಚಪ್ಪಡಿ ಯಾವ ಇಲಾಖೆಯದೂ ಅಲ್ಲ. ಯಾರೋ ಪುಣ್ಯಾತ್ಮರು ಇಟ್ಟದ್ದು.

ವಿಮಾನ ನಿಲ್ದಾಣದ ಹಾಲ್ಟನ್ನು ನೆನೆಯಿರಿ. 2021ರ ಜನವರಿಯಲ್ಲಿ ಅಲ್ಲಿಗೆ ರೈಲು ಶುರುವಾದಾಗ ಊರೆಲ್ಲ ಸಂಭ್ರಮಿಸಿತು. ರೈಲಿನ ಹೊತ್ತಿಗೂ ಜನರ ಹೊತ್ತಿಗೂ ತಾಳೆಯಾಗಲಿಲ್ಲ, ಬೋಗಿಗಳು ಖಾಲಿ ಓಡಿದವು. ದಿನಕ್ಕೆ ಕೆಲವೇ ರೈಲು ನಿಲ್ಲುವ ಕಡೆ ಜನ ಬರುವುದಿಲ್ಲ. ಜನ ಬರುವುದಿಲ್ಲವೆಂದು ರೈಲು ಕಡಿಮೆ ಮಾಡುತ್ತಾರೆ. ನಿಮ್ಮ ಹಾಲ್ಟಿಗೂ ಇದೇ ಗತಿ ಬರಬಾರದು.

ಕನಕ ಮಾರ್ಗದ ನಕ್ಷೆಯಲ್ಲಿ ಹುಸ್ಕೂರು, ಸಿಂಗೇನ ಅಗ್ರಹಾರ ಎರಡೂ ಇವೆ. ಅದು ಹೀಲಲಿಗೆಯಿಂದ ರಾಜಾನುಕುಂಟೆಯವರೆಗೆ 46 ಕಿಲೋಮೀಟರ್ ಉದ್ದದ ಬೇರೆಯದೇ ಹಳಿ, ಎಕ್ಸ್‌ಪ್ರೆಸ್‌ಗಳ ಕಾಟವಿಲ್ಲದ್ದು. ನೀವು ಕೆಲಸದಿಂದ ನಿವೃತ್ತರಾಗುವ ಮೊದಲು ಅದು ಬರುತ್ತದೆಂದು ಭರವಸೆ ಕೊಡುವ ಧೈರ್ಯ ನನಗಿಲ್ಲ.

ಪತ್ರದ ಜೊತೆ ಕಳಿಸಿದ ಮನವಿಯನ್ನು ಹಾಗೆಯೇ ಮುದ್ರಿಸುತ್ತಿಲ್ಲ. ತಿದ್ದಲು ಹಿಂದಕ್ಕೆ ಕಳಿಸುತ್ತಿದ್ದೇನೆ, ಬೇಸರಿಸಬೇಡಿ. 'ನಿಲ್ದಾಣ ಬೇಕು' ಎಂಬ ಮೊದಲ ಸಾಲಿನ ಬದಲು 'ಬೆಳಿಗ್ಗೆ ಏಳರಿಂದ ಹತ್ತರವರೆಗೆ ಅರ್ಧ ಗಂಟೆಗೊಂದು ರೈಲು ಬೇಕು' ಎಂದು ಬರೆಯಿರಿ. ಸಿಗ್ನಲ್, ಹದಿನಾರು ಬೋಗಿಯ ಉದ್ದ, ಬೋಗಿಯ ಮಟ್ಟದ ಪ್ಲಾಟ್‌ಫಾರಂ ಅದರ ಕೆಳಗೆ ಬರಲಿ. ಹಳಿಯವರೆಗಿನ ಕಾಲುದಾರಿಗೆ ಪಂಚಾಯಿತಿಗೆ ಪ್ರತ್ಯೇಕ ಅರ್ಜಿ ಹಾಕಿ; ಅದು ರೈಲ್ವೆಯವರ ಕೆಲಸವಲ್ಲವೆಂದು ಅವರು ಹೇಗೂ ಹೇಳುತ್ತಾರೆ. ಮುಂದಿನ ಸಂಚಿಕೆಯಲ್ಲಿ ಒಂದು ಪೂರ್ತಿ ಪುಟ ನಿಮಗಾಗಿ ಖಾಲಿ ಇಟ್ಟಿದ್ದೇನೆ, ಮೆಟ್ರೊ ಚಿತ್ರವನ್ನು ತೆಗೆದುಹಾಕಿ.

– ಸಂಪಾದಕ