14 ವರ್ಷದಿಂದ ಕಾಲೇಜು ಲೈಬ್ರರಿಯನ್. ಈಗ ಯಾವುದರಲ್ಲೂ ಮನಸ್ಸಿಲ್ಲ. ಪಿಎಚ್‌ಡಿ ಮಾಡಲೋ, ಕೆಲಸ ಬಿಡಲೋ?

ಎರಡೂ ಬೇಡ. "ಅಲ್ಮೇರಾ ಕೀಗಳು ನನ್ನ ಬ್ಯಾಗಲ್ಲೇ ಇರುತ್ತವೆ" ಎಂದು ಬರೆದಿದ್ದೀರಲ್ಲ, ನಿಮ್ಮ ಬೇಸರದ ಬೇರು ಅಲ್ಲೇ ಇದೆ ಅನ್ಸುತ್ತೆ. ನನ್ನದೂ ಅಲ್ಲೇ ಇತ್ತು.

ನಾನು ಅನುದಾನಿತ ಡಿಗ್ರಿ ಕಾಲೇಜಿಗೆ ಲೈಬ್ರರಿಯನ್ ಆಗಿ ಸೇರಿದ ದಿನವೇ ಪ್ರಿನ್ಸಿಪಾಲರು ಚಾರ್ಜ್ ಲಿಸ್ಟ್ ಮುಂದಿಟ್ಟು, "ಸೈನ್ ಹಾಕಿಮ್ಮಾ, ಆಮೇಲೆ ನೋಡ್ಕೊಳ್ಳೋಣ" ಎಂದರು. ಹಾಕಿಬಿಟ್ಟೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಸಹಿ ಅಂದರೆ, ಆಕ್ಸೆಶನ್ ರಿಜಿಸ್ಟರಿನ (ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ಪುಸ್ತಕ) ಮೊದಲ ನಂಬರಿನಿಂದ ಕೊನೆಯ ನಂಬರಿನವರೆಗೆ ಎಲ್ಲಾ ಪುಸ್ತಕ ನನ್ನ ವಶಕ್ಕೆ ಬಂದಿವೆ ಎಂದು ಒಪ್ಪಿಕೊಂಡ ಹಾಗೆ. ರ‍್ಯಾಕಿನಲ್ಲಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ರಿಟೈರ್ ಆದ ಯಾವ ಮೇಷ್ಟ್ರ ಮನೆಯಲ್ಲಿದೆಯೋ, ಗೆದ್ದಲು ತಿಂದಿತೋ, ಯಾರೂ ಕೇಳುವುದಿಲ್ಲ. ಸಹಿಯ ಮೇಲೆ "ಪರಿಶೀಲನೆಗೆ ಒಳಪಟ್ಟು" ಎಂದು ಬರೆದಿದ್ದರೂ ಸಾಕಿತ್ತು. ಇಬ್ಬರು ಲೆಕ್ಚರರನ್ನು ಕೂರಿಸಿಕೊಂಡು ರಿಜಿಸ್ಟರಿಗೆ ಟಿಕ್ ಹಾಕಿಸಿ, ಮೂವರೂ ಸಹಿ ಮಾಡಿದ್ದರೆ ಇನ್ನೂ ಗಟ್ಟಿ. ಎರಡೂ ಮಾಡಲಿಲ್ಲ. ಮುಂದೆ ಆಡಿಟ್ ಆದಾಗ ಇಲ್ಲದ ಪುಸ್ತಕಗಳ ಪಟ್ಟಿ ನನ್ನ ತಲೆಗೇ ಬಂತು. ನಾನು ಕಣ್ಣಲ್ಲೂ ನೋಡದ ಪುಸ್ತಕಗಳಿಗೆ ನನ್ನ ಸಂಬಳದಲ್ಲಿ ಹಿಡಿದರು.

ದುಡ್ಡು ಹೋಗಿದ್ದು ದೊಡ್ಡದಲ್ಲ. ಆಮೇಲೆ ನಾನು ಕಾವಲುಗಾರ್ತಿ ಆಗಿಬಿಟ್ಟೆ. ಎಲ್ಲಾ ಅಲ್ಮೇರಾಗಳಿಗೂ ಬೀಗ. ಹುಡುಗರು ಚೀಟಿ ಬರೆದು ಕೊಡಬೇಕು, ಅಟೆಂಡರ್ ತಂದುಕೊಡಬೇಕು. ಒಂದು ಸಲ ಫಸ್ಟ್ ಬಿಎ ಹುಡುಗಿಯೊಬ್ಬಳು ಅಲ್ಮೇರಾದ ಗಾಜಿಗೆ ಹಣೆ ತಾಗಿಸಿ, ತಲೆ ವಾಲಿಸಿ ಪುಸ್ತಕಗಳ ಹೆಸರು ಓದುತ್ತಿದ್ದಳು. "ಮೇಡಂ, ಒಳಗೆ ಏನಿದೆ ಅಂತಾನೇ ಗೊತ್ತಿಲ್ಲ. ಚೀಟೀಲಿ ಏನು ಬರೀಲಿ?" ಎಂದಳು. ಉತ್ತರ ಇರಲಿಲ್ಲ. "ಪುಸ್ತಕಗಳಿರುವುದು ಬಳಸಲಿಕ್ಕೆ" ಎಂಬುದು ಗ್ರಂಥಾಲಯ ವಿಜ್ಞಾನಕ್ಕೆ ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು. ನಾವೆಲ್ಲ ಬಾಯಿಪಾಠ ಮಾಡಿಯೇ ಪಾಸಾದವರು, ಅಲ್ವಾ?

ಮೀಟಿಂಗಿನಲ್ಲಿ ಹಿಂದಿನ ಕುರ್ಚಿ, ಕಾಲೇಜಿನ ಗುಣಮಟ್ಟ ನೋಡುವ ನ್ಯಾಕ್ ತಂಡ ಬಂದಾಗ ಮಾತ್ರ ಲೈಬ್ರರಿ ನೆನಪು ಎಂದಿದ್ದೀರಿ. ನಿಜ. ಹೆಸರಿನ ಹಿಂದೆ ಡಾಕ್ಟರ್ ಬಂದರೂ ಅದು ಹೋಗಲ್ಲ. ವಿಷಯದ ಮೇಲೆ ಪ್ರೀತಿ ಇದ್ದರೆ ಪಿಎಚ್‌ಡಿ ಮಾಡಿ. ತಪ್ಪಿಸಿಕೊಳ್ಳಲಿಕ್ಕೆ ಮಾಡಬೇಡಿ.

ಮೊದಲು ಸ್ಟಾಕ್ ವೆರಿಫಿಕೇಶನ್‌ಗೆ, ಅಂದರೆ ಇರುವ ಪುಸ್ತಕಗಳನ್ನು ರಿಜಿಸ್ಟರಿಗೆ ತಾಳೆ ನೋಡಲಿಕ್ಕೆ, ಕಮಿಟಿ ಬೇಕು ಎಂದು ಲಿಖಿತವಾಗಿ ಕೇಳಿ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017ರ 215ನೇ ನಿಯಮವನ್ನು ಪತ್ರಕ್ಕೆ ಲಗತ್ತಿಸಿ. ವರ್ಷದಲ್ಲಿ ಬಳಕೆಯಾದ ಪ್ರತಿ 1000 ಪುಸ್ತಕಕ್ಕೆ 5 ಕಳೆದರೆ ಅದು ಸಹಜ ನಷ್ಟ ಎನ್ನುತ್ತದೆ ಅದು. ಮೋಸ, ನಿರ್ಲಕ್ಷ್ಯ ಇರಬಾರದು ಅಷ್ಟೇ. 1000 ರೂಪಾಯಿಗಿಂತ ಜಾಸ್ತಿ ಬೆಲೆಯದು ಅಥವಾ ಅಪರೂಪದ್ದು ಹೋದರೆ ಮಾತ್ರ ತನಿಖೆ ಆಗಲೇಬೇಕು. ಈ ನಿಯಮ ನಮ್ಮಂಥ ಕಾಲೇಜುಗಳಿಗೆ ನೇರವಾಗಿ ಅನ್ವಯಿಸದು. ಆದರೂ ನಮ್ಮ ಆಡಳಿತ ಮಂಡಳಿ ಇದನ್ನು ನೋಡಿಯೇ ಕಳೆದ ಪುಸ್ತಕಗಳನ್ನು ಲೆಕ್ಕದಿಂದ ತೆಗೆಯಲು (ರೈಟ್ ಆಫ್) ಒಪ್ಪಿತು. ಆ ವಾರವೇ ಬೀಗ ತೆಗೆಸಿದೆ. ಈಗ ಹುಡುಗರೇ ಒಳಗೆ ಹೋಗಿ ಹುಡುಕುತ್ತಾರೆ, ಪುಸ್ತಕ ಅಸ್ತವ್ಯಸ್ತ ಮಾಡುತ್ತಾರೆ, ನನಗೆ ಕೈತುಂಬಾ ಕೆಲಸ.

ಇಷ್ಟೆಲ್ಲಾ ಆದಮೇಲೂ ಬಿಡಬೇಕು ಅನ್ನಿಸಿದರೆ ಬಿಡಿ. ಆದರೆ ವೆರಿಫಿಕೇಶನ್ ರಿಪೋರ್ಟಿನ ಒಂದು ಪ್ರತಿ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ಅದಿಲ್ಲದೆ ಹೋದರೆ ನೋ ಡ್ಯೂ ಸರ್ಟಿಫಿಕೇಟಿಗೆ ಅಲೆಸುತ್ತಾರೆ.