ಹಿರಿಯ ಸಿಬ್ಬಂದಿ ಹೊಸ ವ್ಯವಸ್ಥೆಗೆ ಒಗ್ಗುತ್ತಿಲ್ಲ. ಅವರ ವಿರೋಧ ಮುರಿಯುವುದು ಹೇಗೆ?

ಮೀಟಿಂಗಿನಲ್ಲಿ ತಲೆಯಾಡಿಸುತ್ತಾರೆ, ಸೀಟಿಗೆ ಹೋದ ಮೇಲೆ ಹಳೇ ಎಕ್ಸೆಲ್ಲೇ ತೆಗೆಯುತ್ತಾರೆ ಅಂದಿರಲ್ಲ, ನಮ್ಮಲ್ಲೂ ಥೇಟ್ ಹಾಗೇ ಆಗಿತ್ತು. ಗೋದಾಮಿನ ದಾಸ್ತಾನು ಲೆಕ್ಕವನ್ನು ಎಕ್ಸೆಲ್‌ನಿಂದ ಹೊಸ ಸಾಫ್ಟ್‌ವೇರ್‌ಗೆ ತರುವ ಕೆಲಸ ನನ್ನ ಹೆಗಲಿಗೆ ಬಿದ್ದಿತ್ತು. ತರಬೇತಿ ಕೊಟ್ಟೆವು, ಪೋಸ್ಟರ್ ಅಂಟಿಸಿದೆವು, ಎಂಡಿಯವರಿಂದ ಭಾಷಣವನ್ನೂ ಮಾಡಿಸಿದೆವು. ಚಪ್ಪಾಳೆಗೇನೂ ಕಮ್ಮಿ ಇರಲಿಲ್ಲ.

ನಾನು ಎಡವಿದ್ದು ಒಂದು ಮಾತಿನಲ್ಲಿ. "ಸ್ವಲ್ಪ ದಿನ ಎರಡೂ ಇರಲಿ, ಹೆಚ್ಚುಕಮ್ಮಿಯಾದರೆ ಹಳೇದು ಕೈಯಲ್ಲಿರುತ್ತೆ" ಅಂದುಬಿಟ್ಟೆ. ಸ್ವಲ್ಪ ದಿನ ಅಂದರೆ ಎಲ್ಲಿಯವರೆಗೆ ಅಂತ ಹೇಳಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ವಿಭಾಗದ ಮುಖ್ಯಸ್ಥರು ಆಮೇಲೂ ಕೇಳುತ್ತಿದ್ದದ್ದು ಎಕ್ಸೆಲ್ ಶೀಟನ್ನೇ. ಯಾಕೆಂದರೆ ಅದರ ಕೊನೆಯಲ್ಲಿ 'ರಿಮಾರ್ಕ್ಸ್' ಅಂತ ಒಂದು ಕಾಲಂ ಇತ್ತು. ಯಾವ ಗ್ರಾಹಕರು ಕಾಯಲು ಒಪ್ಪಿದ್ದಾರೆ, ಯಾವ ಲಾಟಿನ ಪೆಟ್ಟಿಗೆ ಒದ್ದೆಯಾಗಿದೆ, ಯಾವುದನ್ನು ಯಾರಿಗೆ ಅಂತ ಎತ್ತಿಟ್ಟಿದೆ, ಎಲ್ಲ ಅಲ್ಲೇ. ಹೊಸದರಲ್ಲಿ ಇವಕ್ಕೆ ಜಾಗವೇ ಇರಲಿಲ್ಲ. ಬೇಕುಬೇಡಗಳ ಪಟ್ಟಿ ಮಾಡುವಾಗ ನಾನು ಮುಖ್ಯಸ್ಥರನ್ನು ಕೇಳಿದ್ದೆ, ಸಾಫ್ಟ್‌ವೇರ್ ಮಾರಿದವರನ್ನು ಕೇಳಿದ್ದೆ. ಆ ಶೀಟನ್ನು ದಿನಾ ತುಂಬುತ್ತಿದ್ದ ಸ್ಟೋರ್ ಕೀಪರನ್ನು ಕೇಳಿರಲಿಲ್ಲ.

ಅವರು ಹಗಲಿಡೀ ಎಕ್ಸೆಲ್ ತುಂಬಿ, ಮನೆಗೆ ಹೊರಡುವ ಮುಂಚೆ ಅಷ್ಟನ್ನೂ ಒಟ್ಟಿಗೆ ಸಾಫ್ಟ್‌ವೇರ್‌ಗೆ ಏರಿಸುತ್ತಿದ್ದರು. ಇನ್ನೇನು ಮಾಡಬೇಕಿತ್ತು ಪಾಪ? ಬೈಗುಳ ಬೀಳುತ್ತಿದ್ದದ್ದು ಎಕ್ಸೆಲ್ ತಡವಾದರೆ ಮಾತ್ರ. ಹಾಗಾಗಿ ಮಧ್ಯಾಹ್ನ ಪರದೆ ಮೇಲೆ ಕಾಣುತ್ತಿದ್ದದ್ದು ನಿನ್ನೆಯ ಸ್ಟಾಕ್. ಸೇಲ್ಸ್‌ನವರು ಅದನ್ನು ನಂಬಿ, ಬೆಳಿಗ್ಗೆಯೇ ಲೋಡಾಗಿ ಹೋದ ಮಾಲನ್ನು ಇನ್ನೊಬ್ಬರಿಗೆ ಕೊಡುವುದಾಗಿ ಒಪ್ಪಿಕೊಂಡರು. ದೊಡ್ಡ ಗ್ರಾಹಕರೊಬ್ಬರು ಕೈತಪ್ಪಿದರು. ಸಾಫ್ಟ್‌ವೇರ್ ಲೆಕ್ಕವೇ ಸುಳ್ಳು ಅನ್ನುವ ಮಾತು ಆಫೀಸೆಲ್ಲ ಹಬ್ಬಿತು. ಸಂಜೆ ಹಾಕಿದ್ದನ್ನು ಅದು ಮಧ್ಯಾಹ್ನ ಹೇಗೆ ತೋರಿಸೀತು ಅಂತ ನಾನು ವಾದಿಸಿದ್ದು ಯಾರ ಕಿವಿಗೂ ಬೀಳಲಿಲ್ಲ. ಪ್ರಾಜೆಕ್ಟ್ ಮೂಲೆ ಸೇರಿತು, ನನ್ನನ್ನು ಬೇರೆ ವಿಭಾಗಕ್ಕೆ ಹಾಕಿದರು.

ಆದ್ದರಿಂದ ವಿರೋಧ ಮುರಿಯುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಹಿರಿಯರು ಬಹುಶಃ ಏನನ್ನೂ ವಿರೋಧಿಸುತ್ತಿಲ್ಲ, ಒಂದೇ ಸಂಬಳಕ್ಕೆ ಎರಡು ಲೆಕ್ಕ ಬರೆಯುತ್ತಿದ್ದಾರೆ ಅಷ್ಟೆ. ಅಮೆರಿಕದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿ ಕೋಚ್ ಮತ್ತು ಫ್ರೆಂಚ್ ಎಂಬಿಬ್ಬರು ನಡೆಸಿದ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಕೆಲಸದ ರೀತಿ ಬದಲಾಗಿದೆ ಎಂದು ಬರೀ ತಿಳಿಸಿಬಿಟ್ಟ ಗುಂಪಿನಲ್ಲಿ ಮೊದಲ 40 ದಿನಗಳಲ್ಲೇ ಶೇ. 17ರಷ್ಟು ಜನ ಕೆಲಸ ಬಿಟ್ಟರು. ಬದಲಾವಣೆಯನ್ನು ಜೊತೆಗೆ ಕೂತು ರೂಪಿಸಿದ ಗುಂಪುಗಳಲ್ಲಿ ಆ ಅವಧಿಯಲ್ಲಿ ಒಬ್ಬರೂ ಬಿಡಲಿಲ್ಲ. ನಾನು ಸ್ಟೋರ್ ಕೀಪರ್ ಪಕ್ಕ ಅರ್ಧ ದಿನ ಕೂತಿದ್ದರೆ ಆ ಕಾಲಂ ಕಣ್ಣಿಗೆ ಬೀಳುತ್ತಿತ್ತು.

ಹೊಸದು ಯಾವತ್ತು ಶುರು ಅನ್ನುವುದಕ್ಕೆ ಮುಂಚೆ ಹಳೇದು ಯಾವತ್ತು ನಿಲ್ಲುತ್ತದೆ, ನಿಲ್ಲಿಸುವವರು ಯಾರು ಅಂತ ಬರೆದಿಡಿ. ಸಂಬಳದ ಲೆಕ್ಕದಂಥ ಕಡೆ ಎರಡನ್ನೂ ಕೆಲಕಾಲ ಓಡಿಸಿ ತಾಳೆ ನೋಡಲೇಬೇಕಾಗುತ್ತದೆ, ನಿಜ. ಅಲ್ಲೂ ಇಷ್ಟು ಸಲ ತಾಳೆಯಾದರೆ ಹಳೇದು ಬಂದ್ ಅಂತ ಮೊದಲೇ ತೀರ್ಮಾನವಾಗಿರಲಿ. ಬಹುಮಾನ, ಸ್ಪರ್ಧೆ ಎಲ್ಲ ಬೇಡ. ಬಹುಮಾನಕ್ಕೋಸ್ಕರ ಎಂಟ್ರಿ ಹಾಕುವವರು ಬಹುಮಾನ ನಿಂತ ದಿನ ನಿಲ್ಲಿಸುತ್ತಾರೆ. ಇನ್ನೊಂದು ಸುತ್ತು ತರಬೇತಿಗೆ ದುಡ್ಡು ಸುರಿಯುವ ಮುಂಚೆ, ನಿಮ್ಮ ಬಾಸ್ ಬೆಳಿಗ್ಗೆ ಬಂದ ಕೂಡಲೇ ತೆರೆಯುವುದು ಯಾವ ಫೈಲ್ ಅಂತ ಒಮ್ಮೆ ಗಮನಿಸಿ. ಅದು ಹಳೇ ಎಕ್ಸೆಲ್ ಆಗಿದ್ದರೆ ಮಾತಾಡಬೇಕಾದದ್ದು ಅವರ ಹತ್ತಿರ.