ಶಿರ-ಪುಚ್ಛ ಬಿಡಿ, ನಾಣ್ಯ ಚಿಮ್ಮಿ

ನಮಸ್ಕಾರ.

ನಾಣ್ಯ ಮತ್ತು ದಾಳದ ಲೆಕ್ಕಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ತಪ್ಪಿನ ವಿಷಯ. ನಾಣ್ಯ ಚಿಮ್ಮುತ್ತಾ ಹೋದರೆ ಸತತವಾಗಿ ಹೆಡ್-ಹೆಡ್ ಬೀಳಲಿಕ್ಕೂ ಹೆಡ್-ಟೇಲ್ ಬೀಳಲಿಕ್ಕೂ ಸರಾಸರಿ 4 ಸಲ ಬೇಕು ಎಂದಿದ್ದೀರಿ. ಎರಡರ ಸಾಧ್ಯತೆಯೂ ನಾಲ್ಕರಲ್ಲಿ ಒಂದು, ಹಾಗಾಗಿ ಕಾಯುವುದೂ ಅಷ್ಟೇ ಅನ್ನುವುದು ನಿಮ್ಮ ವಾದ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಹೆಡ್-ಟೇಲ್‌ಗೆ 4, ಹೆಡ್-ಹೆಡ್‌ಗೆ 6.

ನಿಮ್ಮ ಲೇಖನ ಓದುತ್ತಲೇ ನಾನೂ ಒಂದು ನಾಣ್ಯ ಚಿಮ್ಮಿದೆ. ಟೇಲ್, ಹೆಡ್, ಟೇಲ್, ಟೇಲ್, ಹೆಡ್, ಟೇಲ್, ಹೆಡ್, ಹೆಡ್. ಹೆಡ್-ಟೇಲ್ 3ನೇ ಸಲಕ್ಕೇ ಸಿಕ್ಕಿತು. ಹೆಡ್-ಹೆಡ್‌ಗೆ 8ರವರೆಗೆ ಕಾಯಬೇಕಾಯಿತು. ಒಂದು ಆಟದಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೆ ಎಡವುವ ಜಾಗ ಕಣ್ಣಿಗೆ ಬೀಳುತ್ತದೆ. ಹೆಡ್-ಟೇಲ್‌ಗೆ ಕಾಯುವಾಗ ಹೆಡ್ ಬಿದ್ದ ಮೇಲೆ ಮತ್ತೆ ಹೆಡ್ ಬಿದ್ದರೂ ನಷ್ಟವಿಲ್ಲ. ಕೈಯಲ್ಲಿ ಒಂದು ಹೆಡ್ ಇದ್ದೇ ಇರುತ್ತದೆ, ಟೇಲ್‌ಗೆ ಕಾದರೆ ಆಯಿತು. ಹೆಡ್‌ಗೆ ಸರಾಸರಿ 2, ಟೇಲ್‌ಗೆ 2, ಒಟ್ಟು 4. ಹೆಡ್-ಹೆಡ್‌ನಲ್ಲಿ ಹಾಗಲ್ಲ. ಎರಡನೆಯದು ಟೇಲ್ ಆಯಿತೋ, ಇದ್ದ ಹೆಡ್ಡೂ ಹೋಯಿತು, ಮತ್ತೆ ಮೊದಲಿನಿಂದ. ಮೊದಲ ಹೆಡ್‌ಗೆ 2, ಅದರ ಮೇಲೊಂದು, ಹೀಗೆ ಒಂದು ಪ್ರಯತ್ನಕ್ಕೆ ಸರಾಸರಿ 3 ಸಲ ಚಿಮ್ಮಬೇಕು, ಅರ್ಧಕ್ಕರ್ಧ ಪ್ರಯತ್ನ ಸೋಲುತ್ತವೆ. ಹಾಗಾಗಿ ಸರಾಸರಿ ಎರಡು ಪ್ರಯತ್ನ, 6 ಸಲ. ನಿಮ್ಮ ಲೇಖನದ ಜೀವ ಇರುವುದೇ ಇಲ್ಲಿ. ನೀವು ಇದನ್ನು ಮೂರನೇ ಪುಟದಲ್ಲಿ ಎರಡು ಸಾಲಿಗೆ ಮುಗಿಸಿದ್ದೀರಿ!

ದಾಳದ್ದೂ ಒಂದು ತಪ್ಪಿದೆ. 6 ಸಲ ಉರುಳಿಸಿದರೆ ಒಂದಾದರೂ ಆರು ಬಂದೇ ಬರುತ್ತದೆ ಎಂದು 1/6 ಅನ್ನು ಆರು ಸಲ ಕೂಡಿಸಿದ್ದೀರಿ. ಹಾಗಾದರೆ 7 ಸಲ ಉರುಳಿಸಿದರೆ? ಸಾಧ್ಯತೆ ಒಂದನ್ನೇ ದಾಟಿಬಿಡುತ್ತದೆ. ಆರು ಬಾರದೇ ಇರುವುದನ್ನು ಲೆಕ್ಕ ಹಾಕಿ. 5/6 ಅನ್ನು ಆರು ಸಲ ಗುಣಿಸಿ 1ರಿಂದ ಕಳೆದರೆ ಸುಮಾರು 0.665 ಸಿಗುತ್ತದೆ. ಅಂದರೆ ಮೂರು ಆಟದಲ್ಲಿ ಹೆಚ್ಚುಕಡಿಮೆ ಒಂದು ಕೈಕೊಡುತ್ತದೆ.

1654ರಲ್ಲಿ ಫ್ರೆಂಚ್ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಜೂಜಿನ ಲೆಕ್ಕಗಳ ಬಗ್ಗೆ ಪತ್ರ ಬರೆದುಕೊಂಡ ಕಥೆಗೆ ಒಂದು ಪುಟ ಕೊಟ್ಟಿದ್ದೀರಿ, ಆದರೆ ಲೆಕ್ಕವನ್ನೇ ಬಿಟ್ಟಿದ್ದೀರಿ. ಒಂದು ದಾಳವನ್ನು 4 ಸಲ ಉರುಳಿಸಿದರೆ ಆರು ಬರುವ ಸಾಧ್ಯತೆ 0.518. ಎರಡು ದಾಳಗಳನ್ನು 24 ಸಲ ಉರುಳಿಸಿದರೆ ಜೋಡಿ ಆರು ಬರುವ ಸಾಧ್ಯತೆ 0.491. ಒಂದು ಅರ್ಧಕ್ಕಿಂತ ಜಾಸ್ತಿ, ಇನ್ನೊಂದು ಕಡಿಮೆ. ಆಗಿನವರು ತಲೆ ಕೆಡಿಸಿಕೊಂಡಿದ್ದು ಇದಕ್ಕೇ. ಗಡ್ಡ, ಟೋಪಿ, ಅರಮನೆಯ ವರ್ಣನೆ ಬೇಡ.

ಇನ್ನೊಂದು ಮಾತು: ಹೆಡ್, ಟೇಲ್‌ಗೆ ನೀವು ಬಳಸಿದ ‘ಶಿರ’, ‘ಪುಚ್ಛ’ ಪಠ್ಯಪುಸ್ತಕದಲ್ಲಿ ಇರಲಿ. ನಾಣ್ಯ ಚಿಮ್ಮುವಾಗ ಯಾರೂ ‘ಪುಚ್ಛ’ ಅಂತ ಕೂಗುವುದಿಲ್ಲ.

ಹೆಡ್-ಹೆಡ್‌ನಿಂದಲೇ ಶುರು ಮಾಡಿ ಹೊಸದಾಗಿ ಬರೆದು ಕಳಿಸಿ. ಸೂತ್ರ ಒಂದೋ ಎರಡೋ ಸಾಕು. ಜೊತೆಗೆ ನೀವೇ ಚಿಮ್ಮಿ ಬರೆದಿಟ್ಟ ಒಂದು ಸಾಲೂ ಇರಲಿ.